ರತ್ನಿಯ ಹೆಸರಿನ ಬಾಟಲಿ

ಚಿತ್ರದುರ್ಗದ ಲ್ಯಾಬಿನ ಹೊರಗೆ ಒಂದು ಬೆಂಚಿದೆ. ಅದರ ಮೇಲೆ ಕೂತರೆ ಪಕ್ಕದ ಪಾಯಿಖಾನೆಯ ಫಿನಾಯಿಲ್ ವಾಸನೆ ನೇರ ಮೂಗಿಗೆ ಬಡಿಯುತ್ತದೆ. ಮೊನ್ನೆ ಕೂತಾಗ ನನ್ನ ಕೈಯಲ್ಲಿ ಈರುಳ್ಳಿ ವಾಸನೆಯೂ ಇತ್ತು. ಹಿಂದಿನ ದಿನ ಹೊತ್ತು ಮುಳುಗುವವರೆಗೆ ಹೊಲದಲ್ಲಿದ್ದೆ. ಸೋಪು ಹಾಕಿ ತಿಕ್ಕಿದರೂ ಅದು ಉಗುರಿನ ಸಂದಿಯಲ್ಲಿ ಉಳಿದುಕೊಂಡಿತ್ತು. ಈ ಎರಡು ವಾಸನೆ ಒಟ್ಟಿಗೆ ಬಂದರೆ ನನಗೆ ಒಂದು ಕಡೆ ಕೂರಲು ಆಗುವುದಿಲ್ಲ. ಎದ್ದು ಬಾಗಿಲವರೆಗೆ ಹೋದೆ, ಬಂದು ಕೂತೆ, ಮತ್ತೆ ಎದ್ದೆ. ಬೆಂಚಿನ ಇನ್ನೊಂದು ತುದಿಯಲ್ಲಿದ್ದ ಮುದುಕರೊಬ್ಬರು, "ಏನವ್ವಾ, ಬಸ್ಸಿಗೆ ಹೊತ್ತಾತಾ? ಒಂದ್ಕಡೆ ಕುಂತ್ಕ" ಎಂದರು.

ನನಗೆ ಬಸ್ಸಿನ ಚಿಂತೆ ಇರಲಿಲ್ಲ. ಒಳಗೆ ನನ್ನ ತಂಗಿ ರತ್ನಿ ಪರೀಕ್ಷೆಗೆ ರಕ್ತ ಕೊಡುತ್ತಿದ್ದಳು. ಅವಳ ಎರಡು ಕಿಡ್ನಿಗಳಲ್ಲಿ ಈಗ ಅರ್ಧಕ್ಕಿಂತ ಕಡಿಮೆ ಕೆಲಸ ಉಳಿದಿದೆ. ಅದು ಹೋದದ್ದರಲ್ಲಿ ನನ್ನ ಪಾಲೂ ಇದೆ. ಎಷ್ಟು ಪಾಲು ಎಂದು ಡಾಕ್ಟರಿಗೂ ಹೇಳಲು ಬರುವುದಿಲ್ಲ. ನಾನು ಓದಿದ್ದು ಆರನೇ ಕ್ಲಾಸಿನವರೆಗೆ, ಬರೆದು ರೂಢಿಯಿಲ್ಲ. ಆದರೂ ಆ ಮಳೆಗಾಲದ ಸಂಗತಿಯನ್ನು ಒಂದು ಸಲ ಪೂರ್ತಿಯಾಗಿ ಬರೆದುಬಿಡಬೇಕು.

ನಮ್ಮೂರು ತಾಳ್ಯದ ಹತ್ತಿರ. ಅಲ್ಲಿ ನಾನು ಹೆಣ್ಣಾಳುಗಳ ಮೇಸ್ತ್ರಿ. ಬೆಳಿಗ್ಗೆ ಕೇರಿ ಕೇರಿ ತಿರುಗಿ ಹೆಂಗಸರನ್ನು ಎಬ್ಬಿಸಿ, ಟೆಂಪೋಗೆ ಹತ್ತಿಸಿ, ಯಾರು ಕರೆದಿದ್ದಾರೋ ಅವರ ಹೊಲಕ್ಕೆ ಕರೆದುಕೊಂಡು ಹೋಗಿ ಕೆಲಸ ಮುಗಿಸಿಕೊಡುವುದು. ಈರುಳ್ಳಿ ಕೀಳುವ ಕಾಲ ಬಂದರೆ ಹೊಳಲ್ಕೆರೆ ಕಡೆಯೂ ನಾವೇ, ಹೊಸದುರ್ಗದ ಕಡೆಯೂ ನಾವೇ. ಕಿತ್ತು, ಸಾಲಿಗೆ ಹಾಕಿ, ಒಣಗಿದ ಮೇಲೆ ಕುಡುಗೋಲಿನಿಂದ ಸೊಪ್ಪು ಕತ್ತರಿಸಿ ಚೀಲಕ್ಕೆ ತುಂಬಬೇಕು. ಇಡೀ ದಿನ ಕುಕ್ಕರಗಾಲಲ್ಲಿ ಕೂತು ಕೂತೇ ಮುಂದಕ್ಕೆ ಸರಿಯುವ ಕೆಲಸ ಅದು.

ಆ ವರ್ಷ ಗೆಡ್ಡೆ ಬಲಿತ ಹೊತ್ತಿಗೇ ಮಳೆ ಹಿಡಿಯಿತು. ಒಂದು ದಿನ ಬಿಸಿಲು, ಎರಡು ದಿನ ಜಿಟಿಜಿಟಿ. ಕಿತ್ತಿಟ್ಟ ಗೆಡ್ಡೆ ನೆನೆದರೆ ಕೊಳೆಯುತ್ತದೆ, ಕೀಳದಿದ್ದರೆ ನೆಲದಲ್ಲೇ ಕೊಳೆಯುತ್ತದೆ. ಎಲ್ಲರಿಗೂ ಆಳು ಬೇಕು, ಎಲ್ಲರಿಗೂ ಇವತ್ತೇ ಬೇಕು. ನನ್ನ ಫೋನು ಕೋಳಿ ಕೂಗುವ ಮುಂಚೆ ಬಡಿದುಕೊಳ್ಳುತ್ತಿತ್ತು. ಕಿವಿ ಫೋನಿನಲ್ಲಿ, ಕಣ್ಣು ಮೋಡದ ಮೇಲೆ.

ರತ್ನಿ ಬಂದದ್ದು ಅಂಥ ಹೊತ್ತಿನಲ್ಲಿ. ಅವಳನ್ನು ಹಿರಿಯೂರು ತಾಲ್ಲೂಕಿನ ಹರಿಯಬ್ಬೆಗೆ ಕೊಟ್ಟಿದ್ದೆವು. ಗಂಡ ತಿಪ್ಪೇಶಿಯ ಮನೆಯವರದ್ದು ಕುರಿ ಸಾಕಣೆ. ಆ ವರ್ಷ ಅವನು ಕುರಿ ಹೊಡೆದುಕೊಂಡು ಮೇವಿರುವ ದೂರದ ಸೀಮೆಗೆ ಹೋದ ಮೇಲೆ, ಸುಗ್ಗಿ ಮುಗಿಯುವವರೆಗೆ ಅಕ್ಕನ ಜೊತೆ ಕೂಲಿ ಮಾಡುತ್ತೇನೆ ಎಂದು ಇವಳು ತವರಿಗೆ ಬಂದಳು. ಅವ್ವ ಹೊಲಕ್ಕೆ ಹೋಗುತ್ತಿದ್ದ ಕಾಲದಲ್ಲಿ ಅವಳನ್ನು ಕಂಕುಳಲ್ಲಿ ಹೊತ್ತು ತಿರುಗಿದವಳು ನಾನು. ಜಗಳವಾದರೆ, "ನಿನ್ನ ಹೊತ್ತೇ ನನ್ನ ಶಾಲೆ ಹೋತು" ಎಂದು ಹಂಗಿಸುತ್ತಿದ್ದೆ. "ನೀನು ಫೇಲಾಗಿದ್ದಕ್ಕೂ ನಾನೇ ಕಾರಣನಾ?" ಎಂದು ಅವಳು ನಗುತ್ತಿದ್ದಳು.

ನಮ್ಮ ಕಡೆಯ ಈರುಳ್ಳಿ ಹೊಲಗಳಲ್ಲಿ ಹೆಂಗಸರಿಗೆ ಮರೆಯಿಲ್ಲ. ಬಟಾಬಯಲು. ಬೇಲಿಯ ಕಡೆ ಎದ್ದು ಹೋದರೆ ಇಡೀ ಹೊಲ ನೋಡುತ್ತದೆ, ಹೊಲದವರು ಗೊಣಗುತ್ತಾರೆ. ಅದಕ್ಕೇ ನಾವು ಮಾಡಿಕೊಂಡ ಉಪಾಯವೆಂದರೆ ನೀರು ಕುಡಿಯದೆ ಇರುವುದು. ಬೆಳಿಗ್ಗೆ ಒಂದು ಲೋಟ ಟೀ, ಮಧ್ಯಾಹ್ನ ಮುದ್ದೆ ನುಂಗಲು ಎರಡು ಗುಟುಕು. ಈ ಕಟ್ಟು ಮಾಡಿದವಳು ನಾನೊಬ್ಬಳೇ ಅಲ್ಲ, ಆದರೆ ಯಾರೂ ಮೀರದಂತೆ ಕಾದವಳು ನಾನು. ಯಾರಾದರೂ ಎರಡನೇ ಸಲ ಎದ್ದರೆ, "ಏನೇ, ಕೆರೆ ಕುಡಿದು ಬಂದಿದೀಯಾ?" ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ಎದ್ದವಳು ಕೂತುಬಿಡುತ್ತಿದ್ದಳು.

ಇನ್ನೊಂದು, ಮಾತ್ರೆ. ನನ್ನ ಎಲೆಅಡಿಕೆ ಚೀಲದಲ್ಲಿ ಅಡಿಕೆ, ಹೊಗೆಸೊಪ್ಪಿನ ಜೊತೆ ನೋವಿನ ಮಾತ್ರೆಯ ಹಾಳೆಗಳಿರುತ್ತಿದ್ದವು. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕೊಡುತ್ತಿದ್ದರು, ಚೀಟಿ ಕೇಳುತ್ತಿರಲಿಲ್ಲ. ಮಧ್ಯಾಹ್ನ ಸೊಂಟ ಹಿಡಿದವರಿಗೆ ಒಂದು, ಮೊಣಕಾಲು ಎನ್ನುವವರಿಗೆ ಒಂದು. ಹನುಮಕ್ಕ ಎಂಬ ಹಳೇ ಆಳು, "ಗಂಗಕ್ಕ ಎಲೆಅಡಿಕೆ ಕೊಟ್ಟಂಗೆ ಮಾತ್ರೆ ಕೊಡ್ತಾಳೆ. ಸುಣ್ಣ ಒಂದು ಹಚ್ಚಿಲ್ಲ ಅಷ್ಟೆ" ಎನ್ನುತ್ತಿದ್ದಳು. ನನಗೆ ಅದು ಹೊಗಳಿಕೆಯಂತೆ ಕೇಳುತ್ತಿತ್ತು. ಆಳುಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದು ನನಗೆ ನಾನೇ ಬೀಗುತ್ತಿದ್ದೆ.

ರತ್ನಿಗೆ ತಲೆನೋವು. ಬಂದ ದಿನದಿಂದಲೇ ಹಿಂದಲೆ ಒಡೆಯುತ್ತದೆ ಎನ್ನುತ್ತಿದ್ದಳು. ಬೆಳಿಗ್ಗೆ ಒಂದು ಮಾತ್ರೆ ಕೊಟ್ಟೆ. ಸಂಜೆಗೂ ಒಂದು ಕೇಳಿದಳು, ಅದನ್ನೂ ಕೊಟ್ಟೆ. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಊಟಕ್ಕೆ ಕೂತಾಗ ಸುಮ್ಮನೆ ಅಂಗೈ ಚಾಚುತ್ತಿದ್ದಳು, ನಾನು ಇಡುತ್ತಿದ್ದೆ.

ಹೀಗಿರುವಾಗ ನಮ್ಮೂರ ಶಾಲೆಯಲ್ಲಿ ಒಂದು ಬೆಳಿಗ್ಗೆ ಆರೋಗ್ಯ ತಪಾಸಣೆ ಇಟ್ಟರು. ಕೂಲಿ ಹೆಂಗಸರು ಕೆಲಸಕ್ಕೆ ಹೋಗುವ ಮುಂಚೆ ಬಂದು ಹೋಗಲಿ ಎಂದು ಬೇಗನೇ ಶುರು ಮಾಡಿದ್ದರು. ಆ ದಿನ ಹೊಸದುರ್ಗ ರಸ್ತೆಯ ಹೊಲವೊಂದರಲ್ಲಿ ಕಿತ್ತ ಗೆಡ್ಡೆ ಬಯಲಲ್ಲೇ ಬಿದ್ದಿತ್ತು, ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಸಾಲಿನಲ್ಲಿ ನಿಂತ ನನ್ನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ನರ್ಸಮ್ಮ ರತ್ನಿಯ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ ನೋಡಿ, ಇನ್ನೊಂದು ಸಲ ತುಂಬಿ ನೋಡಿದರು.

"ಬಿಪಿ ಜಾಸ್ತಿ ಐತಲ್ಲಮ್ಮ. ಇಷ್ಟು ಚಿಕ್ಕ ವಯಸ್ಸಿಗೆ ಇಷ್ಟು ಇರಬಾರದು. ಉಚ್ಚೆ ಪರೀಕ್ಷೆ ಮಾಡಾಣ. ಅದರಾಗೆ ಏನಾರ ಕಂಡ್ರೆ ರಕ್ತಕ್ಕೆ ಹೊಳಲ್ಕೆರೆಗೆ ಕಳಿಸ್ತೀವಿ" ಎಂದು ಹೆಸರು ಬರೆದ ಚೀಟಿ ಅಂಟಿಸಿ ಪುಟ್ಟ ಬಾಟಲಿ ಕೊಟ್ಟರು. ನನಗೂ ವಯಸ್ಸಾಯಿತೆಂದು ಒಂದು ಕೊಟ್ಟರು.

ನಾನು ಶಾಲೆಯ ಪಾಯಿಖಾನೆಯಿಂದ ನನ್ನ ಬಾಟಲಿ ತುಂಬಿಸಿಕೊಂಡು ಬಂದು ಕಾದೆ. ಅಲ್ಲಿಯೂ ಫಿನಾಯಿಲ್ ಹಾಕಿದ್ದರು. ರತ್ನಿ ಒಳಗೆ ಹೋದವಳು ಬರಲೇ ಇಲ್ಲ. ಹೊರಗೆ ಟೆಂಪೋ ರಾಜಣ್ಣ ಹಾರನ್ ಒತ್ತಿ ಒತ್ತಿ ಹಿಡಿದಿದ್ದ. "ಗಂಗಕ್ಕಾ, ಮೋಡ ನೋಡು ಮೋಡ! ಅಲ್ಲಿ ಈರುಳ್ಳಿ ತೋಯ್ದ್ರೆ ಗೌಡ್ರು ಇಲ್ಲಿ ನನ್ನ ತಲೆ ತೋಯಿಸ್ತಾರೆ!"

ನಾನು ಬಾಗಿಲು ಬಡಿದೆ. "ಏನ್ಲೇ, ಬಾವಿ ತೋಡ್ತಿದೀಯಾ?"

"ಬರ್ತಿಲ್ಲಕ್ಕ," ಒಳಗಿಂದ ಅವಳ ದನಿ. "ನಿನ್ನೆಯಿಂದ ನೀರೇ ಕುಡಿದಿಲ್ಲ, ಎಲ್ಲಿಂದ ಬರಬೇಕು? ಕುಡೀಬೇಡ ಅಂದೋಳು ನೀನೇ."

ಹೊರಗೆ ಬಂದು ಖಾಲಿ ಬಾಟಲಿ ತೋರಿಸಿದಳು. "ನೀರು ಕುಡಿದು ಒಂದೀಟು ಹೊತ್ತು ಕುಂತ್ಕಂಡ್ರೆ ಆಗ್ತೈತೆ. ನೀವು ಹೋಗ್ರಿ, ನಾನು ಆಟೋದಾಗೆ ಬರ್ತೀನಿ" ಎಂದಳು. ಅವಳು ಹೇಳಿದ್ದು ಅಷ್ಟೇ, ಸರಿಯಾದ ಮಾತು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಸೊಪ್ಪು ಕತ್ತರಿಸುವುದರಲ್ಲಿ ಅವಳ ಕೈ ಎಲ್ಲರಿಗಿಂತ ಚುರುಕು, ಅವಳಿಲ್ಲದೆ ಸಾಲು ಹಿಂದೆ ಬೀಳುತ್ತಿತ್ತು. "ತಾ ಇಲ್ಲಿ. ನಾನು ಮಾತಾಡಿ ಬರ್ತೀನಿ. ನೀನು ಟೆಂಪೋ ಹತ್ತು" ಎಂದು ಬಾಟಲಿ ಕಿತ್ತುಕೊಂಡೆ.

ಅವಳು ಹೋದಳು. ನಾನು ಮತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ನನ್ನ ಬಾಟಲಿಯಲ್ಲಿದ್ದುದರಲ್ಲಿ ಅರ್ಧವನ್ನು ಅವಳ ಹೆಸರಿನ ಬಾಟಲಿಗೆ ಬಗ್ಗಿಸಿದೆ.

ಎರಡನ್ನೂ ಮೇಜಿನ ಮೇಲಿಟ್ಟೆ. ಇನ್ನೂ ಬೆಚ್ಚಗಿದ್ದವು. ನರ್ಸಮ್ಮ ಒಂದೊಂದಕ್ಕೆ ಒಂದೊಂದು ಕಾಗದದ ಪಟ್ಟಿ ಅದ್ದಿ, ಬಣ್ಣ ನೋಡಿ, "ಇಬ್ಬರದ್ದೂ ಚೆನ್ನಾಗೈತೆ. ಅಕ್ಕತಂಗಿ ಅಲ್ವಾ, ಒಂದೇ ಥರ ಐತೆ" ಎಂದು ನಕ್ಕರು. ನಾನೂ ನಕ್ಕೆ. ಮುಂದಿನ ವಾರ ಬಿಪಿ ಮತ್ತೆ ತೋರಿಸಬೇಕು ಎಂದು ಹೇಳಿ, ಪರೀಕ್ಷೆಯಲ್ಲಿ ಕಂಡದ್ದನ್ನು ಬರೆದ ಚೀಟಿ ಕೊಟ್ಟರು. ಟೆಂಪೋ ಹತ್ತಿದೆ. ರತ್ನಿ "ನಂದು?" ಎಂದಳು. "ಏನಿಲ್ಲಂತೆ" ಎಂದೆ. ಅವಳು ನನ್ನ ಮುಖ ನೋಡಿದಳು, ಆಮೇಲೆ ಕುಡುಗೋಲನ್ನು ಮಡಿಲಿಗೆ ಎಳೆದುಕೊಂಡಳು. ಮುಂದಿನ ವಾರ ಬಿಸಿಲು ಬಿದ್ದಿತ್ತು. ಬಿಸಿಲು ಬಿದ್ದ ದಿನ ಬಿಪಿ ಯಾರಿಗೆ ನೆನಪಿರುತ್ತದೆ?

ಆಮೇಲೆ ಒಂದೊಂದೇ ಕಾಣಿಸತೊಡಗಿತು. ನಾನು ಒಂದೊಂದಕ್ಕೂ ಒಂದು ಹೆಸರು ಕೊಟ್ಟೆ. ಸಂಜೆ ಅವಳ ಪಾದ ಊದಿದರೆ, ಕುಕ್ಕರಗಾಲಲ್ಲಿ ಕೂತದ್ದಕ್ಕೆ ಎಂದೆ. ಕಾಲುಂಗುರ ಬಿಗಿಯಾಗಿ ಸೋಪಿನ ನೀರು ಹಾಕಿ ತೆಗೆದೆವು. ಊಟ ಸೇರುವುದಿಲ್ಲ ಎಂದರೆ, ನಿನಗೆ ಗಂಡನ ನೆನಪು ಎಂದು ಛೇಡಿಸಿದೆ. ಒಂದು ದಿನ ಬಚ್ಚಲಿನಿಂದ ಬಂದವಳು, "ಅಕ್ಕ, ಸೋಪು ಕದಡಿದಂಗೆ ನೊರೆ ಬರ್ತೈತೆ. ನೀರು ಹಾಕಿದ್ರೂ ಹೋಗಲ್ಲ" ಎಂದಳು. "ಉಷ್ಣ ಕಣೇ, ಮಜ್ಜಿಗೆ ಕುಡಿ" ಎಂದೆ. ಅಷ್ಟು ಹೇಳುವಾಗ ಆ ಬಾಟಲಿ ನೆನಪಾಯಿತು. ಆಗಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಎದ್ದು ಹೋಗಿ ಕಸ ಗುಡಿಸಿದೆ. ಹಿಂದಿನ ದಿನವಷ್ಟೇ ಗುಡಿಸಿದ ಹಿತ್ತಿಲನ್ನೂ ಗುಡಿಸಿದೆ.

ಸುಗ್ಗಿ ಮುಗಿದು ಅವಳು ಹರಿಯಬ್ಬೆಗೆ ಹೋದಳು. ನೋವು ಬಂದರೆ ಇರಲಿ ಎಂದು ಎರಡು ಹಾಳೆ ಮಾತ್ರೆ ನಾನೇ ಕಟ್ಟಿ ಕೊಟ್ಟಿದ್ದೆ. ಚಳಿಗಾಲದಲ್ಲಿ ತಿಪ್ಪೇಶಿಯ ಫೋನು ಬಂತು. "ಅಕ್ಕ, ಇವಳ ಮುಖ ಊದಿ ಕಣ್ಣೇ ಕಾಣ್ತಿಲ್ಲ. ಹಿರಿಯೂರಾಗೆ ರಕ್ತ ನೋಡಿದ್ರು. ಕಿಡ್ನಿ ಅಂತಾರೆ. ದುರ್ಗಕ್ಕೆ ಹೋಗ್ರಿ ಅಂದವ್ರೆ. ನಾನು ಕುರಿ ಬಿಟ್ಟು ಬರಾಕಾಗಲ್ಲ. ನೀನು ಕರ್ಕಂಡು ಹೋಗು. ನಿನ್ನ ಮೇಲೆ ಭಾರ ಹಾಕೀನಿ."

ಚಿತ್ರದುರ್ಗದ ಡಾಕ್ಟರಮ್ಮ ಹಿರಿಯೂರಿನ ರಿಪೋರ್ಟನ್ನು ನಮ್ಮ ಕಡೆಗೆ ತಿರುಗಿಸಿ ಇಟ್ಟು ನಿಧಾನವಾಗಿ ಹೇಳಿದರು. ನನಗೆ ಅರ್ಥವಾದದ್ದು ಇಷ್ಟು. ಮೈಯ ಮಾಂಸಖಂಡ ದಿನವೂ ಕ್ರಿಯಾಟಿನಿನ್ ಎಂಬ ಕಸ ಹುಟ್ಟಿಸುತ್ತದೆ. ಅದನ್ನು ಸೋಸಿ ಹೊರಗೆ ಹಾಕುವುದು ಕಿಡ್ನಿಯ ಕೆಲಸ. ರಕ್ತದಲ್ಲಿ ಅದು ಏರುತ್ತಿದ್ದರೆ ಸೋಸುವುದು ಕುಂಠಿತವಾಗಿದೆ ಎಂದರ್ಥ. ಒಂದರ ಆಸುಪಾಸು ಇರಬೇಕಾದದ್ದು ರತ್ನಿಗೆ ಮೂರು ದಾಟಿತ್ತು. ಮೂತ್ರದಲ್ಲಿ ಪ್ರೋಟೀನು ಹೋಗುತ್ತಿತ್ತು. ರಕ್ತದಲ್ಲೇ ಉಳಿಯಬೇಕಾದ ಸತ್ವ ಅದು. ಜರಡಿ ಹರಿದರೆ ಹಿಟ್ಟಿನ ಜೊತೆ ಹೊಟ್ಟೂ ಬೀಳುತ್ತದಲ್ಲ, ಹಾಗೆ. ನೊರೆ ಬಂದದ್ದು ಅದಕ್ಕೆ.

"ನೋವೇ ಇಲ್ವಲ್ಲ ಮೇಡಂ, ಕಿಡ್ನಿ ಅಂದ್ರೆ ಪಕ್ಕೆ ನೋಯಬೇಕಲ್ವಾ?" ಎಂದಳು ರತ್ನಿ.

"ಕಲ್ಲಾದರೆ ನೋಯುತ್ತೆ. ಇದು ನೋಯಲ್ಲ. ಅದಕ್ಕೇ ಬಿಪಿ, ಶುಗರ್ ಇದ್ದವರು ನೋವಿಲ್ಲದಿದ್ದರೂ ವರ್ಷಕ್ಕೊಂದು ಸಲ ರಕ್ತ, ಮೂತ್ರ ನೋಡಿಸಬೇಕು ಅನ್ನೋದು."

ಆಮೇಲೆ ಅವರು ಹಿರಿಯೂರಿನಲ್ಲಿ ತೆಗೆಸಿದ ಸ್ಕ್ಯಾನಿಂಗ್ ಚಿತ್ರವನ್ನೂ ಶಾಲೆಯ ತಪಾಸಣೆಯ ಚೀಟಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಹುಬ್ಬು ಗಂಟಿಕ್ಕಿದರು. ಆ ಚೀಟಿಯನ್ನು ಫೈಲಿಗೆ ಹಾಕಿದವಳು ನಾನೇ. ಎಲ್ಲ ಕಾಗದ ತನ್ನಿ ಎಂದಿದ್ದರು, ತಂದಿದ್ದೆ.

"ಸ್ಕ್ಯಾನಲ್ಲಿ ಕಿಡ್ನಿ ಸ್ವಲ್ಪ ಚಿಕ್ಕದಾಗಿದೆ. ಹಳೇ ಕಾಯಿಲೆ ಅನ್ಸುತ್ತೆ. ಆದರೆ ಈ ಮಳೆಗಾಲದಲ್ಲಿ ಮೂತ್ರ ಪೂರ್ತಿ ಸರಿ ಇತ್ತು ಅಂತ ಇದೆ. ಹಾಗಾದರೆ ಇದು ಈಚೆಗೆ ದಿಢೀರಂತ ಬಂದಿರಬೇಕು. ಅಂಥದ್ದಾದರೆ ತಡ ಮಾಡೋ ಹಾಗಿಲ್ಲ. ಇವತ್ತೇ ದಾವಣಗೆರೆಗೆ ಹೋಗಿ. ಬೆನ್ನ ಕಡೆಯಿಂದ ಸೂಜಿ ಹಾಕಿ ಕಿಡ್ನಿಯ ಒಂದು ಚೂರು ತೆಗೆದು ನೋಡ್ತಾರೆ. ಜೋರು ಔಷಧಿ ಶುರು ಮಾಡಬೇಕಾಗಬಹುದು."

ರತ್ನಿ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಆಚೆ ಕೋಟೆಯ ಬಂಡೆಗಳನ್ನು ನೋಡಿದೆ. ಡಾಕ್ಟರಮ್ಮ ಚೀಟಿ ಬರೆಯತೊಡಗಿದರು.

ಅವರು ಬರೆದುಕೊಟ್ಟದ್ದನ್ನು ಹಿಡಿದು ಹೊರಗೆ ಬಂದೆವು. ರತ್ನಿ ಬೆಂಚಿನ ಮೇಲೆ ಕೂತಳು. ನಾನು ಕೂರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಯಾರನ್ನೋ ಕೇಳಿದೆ, ಉತ್ತರ ಕೇಳಿಸಿಕೊಳ್ಳಲಿಲ್ಲ. ಬಾಳೆಹಣ್ಣು ತರುತ್ತೇನೆ ಎಂದು ಗೇಟಿನವರೆಗೆ ಹೋಗಿ ತರದೆ ಬಂದೆ. ರತ್ನಿ ತನ್ನ ಬೆನ್ನಿನ ಮೇಲೆ ಕೈಯಿಟ್ಟು ನೋಡಿಕೊಳ್ಳುತ್ತಿದ್ದಳು. ಸೂಜಿ ಎಲ್ಲಿಗೆ ಹಾಕುತ್ತಾರೋ ಎಂದು ಹುಡುಕುವಂತೆ.

"ಭಾಳ ನೋಯ್ತೈತಾ ಅಕ್ಕ?" ಎಂದಳು.

ಆ ಕೈ ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ. ಚಪ್ಪಲಿಯನ್ನೂ ಬಿಡದೆ ಸೀದಾ ಡಾಕ್ಟರ ಕೋಣೆಗೆ ನುಗ್ಗಿದೆ. ಬೇರೆ ಯಾರೋ ಒಳಗಿದ್ದರು. "ಮೇಡಂ, ಆ ಉಚ್ಚೆ ನಂದು" ಎಂದೆ.

"ಏನಮ್ಮಾ?"

"ಮಳೆಗಾಲದಾಗೆ ನೋಡಿದ್ದು ನನ್ನ ಉಚ್ಚೆ. ಅವಳದ್ದಲ್ಲ. ಹೊಲಕ್ಕೆ ಹೋಗೋರು ನಾವು ನೀರು ಕುಡಿಯಲ್ಲ, ಅವಳಿಗೆ ಬರ್ಲಿಲ್ಲ, ಟೆಂಪೋ ಕಾಯ್ತಿತ್ತು, ನಾನೇ ಎರಡಕ್ಕೂ ಹಾಕಿದೆ." ಹೇಳಿ ತಿರುಗಿದರೆ ರತ್ನಿ ಬಾಗಿಲಲ್ಲಿ ನಿಂತಿದ್ದಳು.

ಡಾಕ್ಟರಮ್ಮ ಒಳಗಿದ್ದವರನ್ನು ಹೊರಗೆ ಕಳಿಸಿ ನಮ್ಮಿಬ್ಬರನ್ನೂ ಕೂರಿಸಿದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ತಲೆನೋವು ಯಾವಾಗಿನಿಂದ, ಏನು ತಗೋತಿದ್ದೆ ಎಂದು ರತ್ನಿಯನ್ನು ಕೇಳಿದರು. "ಮಾತ್ರೆ. ದಿನಾ ಎರಡು. ಅಕ್ಕ ಕೊಡ್ತಿದ್ಲು" ಎಂದಳು ಅವಳು. ಯಾವ ಮಾತ್ರೆ ಎಂದು ಕೇಳಿದರು. ನಾನು ಎಲೆಅಡಿಕೆ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಅಡಿಕೆ ಉರುಳಿ ಕೆಳಗೆ ಬಿದ್ದವು. ಮಾತ್ರೆಯ ಹಾಳೆಗಳು ಮೇಜಿನ ಮೇಲೆ ಉಳಿದವು.

ಅವರು ಅವನ್ನು ಒಂದೊಂದಾಗಿ ಓದಿದರು. "ಬಿಪಿ ಮೊದಲಿಂದ ಇತ್ತೋ, ಕಿಡ್ನಿ ಕೆಟ್ಟು ಬಿಪಿ ಬಂತೋ ಈಗ ಹೇಳೋಕಾಗಲ್ಲ. ಆದರೆ ಸೋತ ಕಿಡ್ನಿಗೆ ನೀರೂ ಕೊಡದೆ ದಿನಾ ಇದನ್ನ ಕೊಟ್ಟಿದೀರಿ. ಅವತ್ತು ಅವಳದ್ದೇ ಮೂತ್ರ ನೋಡಿದ್ದಿದ್ರೆ ಈ ಮಾತ್ರೆ ಅವತ್ತೇ ನಿಲ್ತಿತ್ತು." ಹಾಳೆಗಳನ್ನು ಬದಿಗೆ ಸರಿಸಿ, "ಈಗಲಾದರೂ ಹೇಳಿದ್ರಲ್ಲ" ಎಂದು ದಾವಣಗೆರೆಯ ಡಾಕ್ಟರಿಗೆ ಫೋನು ಮಾಡಿದರು. ಅಲ್ಲಿಗೆ ಹೋಗಲೇಬೇಕು, ಆದರೆ ಕಾಯಿಲೆ ಹಳೆಯದೇ ಇರಬೇಕಾದ್ದರಿಂದ ಸೂಜಿಗೆ ಅವಸರವಿಲ್ಲ; ಮೊದಲು ನೋವಿನ ಮಾತ್ರೆ ಬಂದ್, ಬಿಪಿಗೆ ಔಷಧಿ, ಉಪ್ಪು ಕಡಿಮೆ, ಎರಡು ವಾರ ಬಿಟ್ಟು ರಕ್ತ ಮತ್ತೆ ನೋಡೋಣ ಎಂದಾಯಿತು.

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ನಾನು ಅವಳ ಕೈ ಹಿಡಿಯಲು ಹೋದೆ. ಬಿಡಿಸಿಕೊಂಡಳು.

"ನಾನು ಕೊಟ್ಟಿಲ್ಲ ಅನ್ನೋದು ನಂಗೆ ಗೊತ್ತಿರಲಿಲ್ವೇನಕ್ಕ?" ಎಂದಳು. "ಅವರು ಆ ಚೀಟಿ ಓದಿದಾಗಲೇ ತಿಳೀತು. ನೀನೇ ಹೇಳಲಿ ಅಂತ ಕುಂತಿದ್ದೆ."

"ಹೇಳದಿದ್ರೆ?"

"ಬಸ್ ಹತ್ತೋ ಮುಂಚೆ ನಾನೇ ಹೇಳ್ತಿದ್ದೆ. ಆಮೇಲೆ ನಿನ್ನ ಮನೆಗೆ ಬರ್ತಿರಲಿಲ್ಲ."

ದಾವಣಗೆರೆಗೆ ಹೋಗಿ ಬಂದೆವು, ಅವರೂ ಸೂಜಿ ಹಾಕಲಿಲ್ಲ. ಎರಡು ವಾರಕ್ಕೆ ರಕ್ತದಲ್ಲಿ ಆ ಅಂಕಿ ಸ್ವಲ್ಪ ಇಳಿಯಿತು, ಆಮೇಲೆ ಇನ್ನೂ ಸ್ವಲ್ಪ. ಒಂದಕ್ಕೆ ಬರಲಿಲ್ಲ. ಬರುವುದೂ ಇಲ್ಲವಂತೆ, ಸತ್ತ ಭಾಗ ಚಿಗುರುವುದಿಲ್ಲ. ಉಳಿದದ್ದನ್ನು ಕಾಪಾಡಿಕೊಂಡರೆ ಡಯಾಲಿಸಿಸ್ ಇಲ್ಲದೆ ಬಹಳ ಕಾಲ ನಡೆಯಬಹುದು ಎನ್ನುತ್ತಾರೆ. ಅವಳು ಬಿಪಿ ಮಾತ್ರೆ ತಪ್ಪಿಸುವುದಿಲ್ಲ. ಉಪ್ಪಿನಕಾಯಿ, ಹಪ್ಪಳ ಬಿಟ್ಟಿದ್ದಾಳೆ. ಬಾಳೆದಿಂಡಿನ ರಸ ಕುಡಿ, ನಾಟಿ ಔಷಧಿ ತಗೋ ಎಂದು ಬಂದವರೆಲ್ಲ ಹೇಳುತ್ತಾರೆ. ಡಾಕ್ಟರನ್ನು ಕೇಳದೆ ಯಾವುದನ್ನೂ ಬಾಯಿಗೆ ಹಾಕುವುದಿಲ್ಲ. ಎಷ್ಟು ನೀರು ಕುಡಿಯಬೇಕು ಎನ್ನುವುದನ್ನೂ ಅವರನ್ನೇ ಕೇಳುತ್ತಾಳೆ.

ನಾನು ಇನ್ನೂ ಮೇಸ್ತ್ರಿಯೇ. ಟೆಂಪೋದಲ್ಲಿ ಈಗ ನೀರಿನ ಕ್ಯಾನಿನ ಜೊತೆ ನಾಲ್ಕು ಗೂಟ, ಒಂದು ಹಳೇ ಸೀರೆ ಇರುತ್ತದೆ. ಹೊಲಕ್ಕೆ ಹೋದ ತಕ್ಷಣ ಮೊದಲ ಕೆಲಸ ಬದುವಿನ ಹತ್ತಿರ ಗೂಟ ನೆಟ್ಟು ಸೀರೆ ಸುತ್ತಿ ಮರೆ ಮಾಡುವುದು. "ಏನು ಗಂಗಕ್ಕ, ಮದುವೆ ಚಪ್ಪರನಾ?" ಎಂದು ಹೊಲದವರು ಕೇಳುತ್ತಾರೆ. ಹೂಂ ಎನ್ನುತ್ತೇನೆ. ಸೊಂಟ ಹಿಡಿದವರನ್ನು ಕೂರಿಸುತ್ತೇನೆ. ಹನುಮಕ್ಕ ಮಾತ್ರೆ ಕೇಳಿ ಕೇಳಿ ಸಿಟ್ಟಾಗಿ ಬೇರೆ ಮೇಸ್ತ್ರಿಯ ಟೆಂಪೋ ಹತ್ತಿದಳು. ರತ್ನಿ ಮತ್ತೆ ನನ್ನ ಸಾಲಿಗೆ ಬರಲಿಲ್ಲ.

ಆದರೆ ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಮಾತ್ರ ನಾನೇ ಬರಬೇಕು ಎನ್ನುತ್ತಾಳೆ. ತಿಪ್ಪೇಶಿ ಬಿಡುವಾಗಿದ್ದರೂ ಅವನು ಬೇಡ. ನಾನು ತಾಳ್ಯದಿಂದ, ಅವಳು ಹರಿಯಬ್ಬೆಯಿಂದ ಬಂದು ದುರ್ಗದಲ್ಲಿ ಸೇರುತ್ತೇವೆ. ಕ್ಷಮಿಸಿದ್ದೀಯಾ ಎಂದು ನಾನು ಕೇಳಿಲ್ಲ, ಅವಳೂ ಹೇಳಿಲ್ಲ.

ಮೊನ್ನೆಯೂ ರಕ್ತ ಕೊಟ್ಟು ಬಂದು, ಬಾಟಲಿ ಹಿಡಿದು ಪಾಯಿಖಾನೆಗೆ ಹೋದಳು. ನಾನು ಬಾಗಿಲ ಹೊರಗೆ ನಿಂತೆ. ಬೇಗ ಬಾ ಎನ್ನಲಿಲ್ಲ. ಹೊರಗೆ ಬಂದು ಪ್ರತಿ ಸಲದಂತೆ ಬಾಟಲಿಯನ್ನು ಕೌಂಟರಿಗೆ ತಾನು ಒಯ್ಯದೆ ನನ್ನ ಅಂಗೈಯಲ್ಲಿಟ್ಟಳು. ಹಿಂದೆ ಅವಳ ಅಂಗೈಯಲ್ಲಿ ನಾನು ಮಾತ್ರೆ ಇಡುತ್ತಿದ್ದೆನಲ್ಲ, ಹಾಗೆಯೇ.

"ಬೆಚ್ಚಗೈತಾ?" ಎಂದಳು.

"ಐತೆ."

"ನಂದೇ. ಹೋಗಿ ಕೊಡು."